ಎಳೆ ಸಸಿಗೆ ನೀರೆಷ್ಟು, ಗೊಬ್ಬರವೆಷ್ಟು? ಎಂಟು ಸೂತ್ರಗಳು

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಗೊಬ್ಬರ ಮರದ ಮೇಲಿಂದ ಬೀಳುತ್ತದೆ. ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ, ಅರಳಿ ಮರಗಳಲ್ಲಿ ಮರಿ ಮಾಡುವ ಕಾಲಕ್ಕೆ ಮರದಡಿಯ ನೆಲವೆಲ್ಲ ಹಿಕ್ಕೆಯಿಂದ ಬೆಳ್ಳಗಾಗಿರುತ್ತದೆ. ಅದರಲ್ಲಿ ಸಾರಜನಕವೂ ರಂಜಕವೂ ಹೇರಳ. ಊರಿನವರ ರೂಢಿ ನೋಡಿ: ಮರದಡಿ ಗುಂಡಿ ತೋಡಿ, ಕೆರೆಗೋಡು ತುಂಬಿ, ಹಿಕ್ಕೆ ಬಿದ್ದು ಮಣ್ಣಿನೊಂದಿಗೆ ಬೆರೆಯಲು ಬಿಟ್ಟು, ಆಮೇಲೆ ಹೊಲಕ್ಕೆ ಹೊಡೆಯುವುದು. ಸಸಿ ಬೆಳೆಸುವ ಅರ್ಧ ಪಾಠ ಇದರಲ್ಲೇ ಇದೆ. ಎಳೆ ಗಿಡಕ್ಕೆ ಹಸಿವಿಗಿಂತ ಅಜೀರ್ಣವೇ ಹೆಚ್ಚು ಅಪಾಯ.

1. ಮೊದಲು ನೀರು, ಆಮೇಲೆ ಗೊಬ್ಬರ
ಬೀಜ ತನ್ನ ಬುತ್ತಿಯನ್ನು ತಾನೇ ಕಟ್ಟಿಕೊಂಡು ಬಂದಿರುತ್ತದೆ. ಬೀಜದಳ ಬಿಚ್ಚಿ, ಎರಡು ಮೂರು ನಿಜವಾದ ಎಲೆ ಮೂಡುವವರೆಗೆ ಅದಕ್ಕೆ ಬೇಕಾದದ್ದು ಹದವಾದ ತೇವ ಮಾತ್ರ. ಬೇರು ಹೀರುವುದು ನೀರಿನಲ್ಲಿ ಕರಗಿದ ಸತ್ವವನ್ನು. ಒಣ ಮಣ್ಣಿಗೆ ಹಾಕಿದ ಗೊಬ್ಬರ ಗಿಡಕ್ಕೆ ದಕ್ಕುವುದಿಲ್ಲ.

2. ಬೆರಳಿಟ್ಟು ನೋಡಿ ನೀರು ಹಾಕಿ
ದಿನಕ್ಕೆರಡು ಸಲ ಎಂಬ ಕುರುಡು ಲೆಕ್ಕ ಬೇಡ. ತೋರುಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗಿಳಿಸಿ. ತಣ್ಣಗಿದ್ದು ಮಣ್ಣು ಅಂಟಿಕೊಂಡರೆ ಇವತ್ತು ಬೇಡ, ಒಣಗಿ ಉದುರಿದರೆ ಬೇಕು. ಬೆಳಗಿನ ಹೊತ್ತು, ಎಲೆಗಲ್ಲ, ಬುಡಕ್ಕೆ ಹಾಕಿ.

3. ಬೇರಿಗೂ ಉಸಿರಾಡಲು ಬಿಡಿ
ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಗಾಳಿ ಇರಬೇಕು. ನೀರು ನಿಂತರೆ ಆ ಗಾಳಿ ಹೊರಗೆ, ಬುಡ ಕೊಳೆ ರೋಗ ಒಳಗೆ. ಮೋಸ ಎಲ್ಲಿದೆಯೆಂದರೆ, ನೀರು ಸಾಲದ ಸಸಿಯೂ ಬಾಡುತ್ತದೆ, ನೀರು ಹೆಚ್ಚಾದ ಸಸಿಯೂ ಬಾಡುತ್ತದೆ. ಬಾಡಿದ್ದು ಕಂಡೊಡನೆ ಕೊಡ ಎತ್ತಬೇಡಿ, ಮಣ್ಣು ಮುಟ್ಟಿ ನೋಡಿ. ಚೀಲದ ತಳದಲ್ಲಿ ತೂತುಗಳಿರಲಿ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರದ ಮಿಶ್ರಣ ಹೆಚ್ಚಿನ ಸಸಿಗಳಿಗೆ ಒಗ್ಗುತ್ತದೆ.

4. ಹಸಿ ಹಿಕ್ಕೆ ಸುಡುತ್ತದೆ
ಹಕ್ಕಿ ಹಿಕ್ಕೆಯಲ್ಲಿನ ಯೂರಿಕ್ ಆಮ್ಲ ಕೊಳೆಯುವಾಗ ಅಮೋನಿಯಾ ಆಗುತ್ತದೆ, ಅದು ಎಳೆ ಬೇರಿಗೆ ವಿಷ. ಕೋಳಿ ಗೊಬ್ಬರದ ಕಥೆಯೂ ಇದೇ. ಮಣ್ಣು, ಒಣಹುಲ್ಲಿನ ಜೊತೆ ಬೆರೆಸಿ, ಘಾಟು ಪೂರ್ತಿ ಹೋಗುವವರೆಗೆ ಕಳಿಯಲು ಬಿಡಿ. ಮೂಗಿಗೆ ಮಣ್ಣಿನ ವಾಸನೆ ಬಂದರೆ ಗೊಬ್ಬರ ಪಕ್ವವಾಗಿದೆ.

5. ಚಿಟಿಕೆಯಲ್ಲಿ ಅಳೆಯಿರಿ
ವಾನ್ ಹೆಲ್ಮಾಂಟ್ ಎಂಬ ವಿಜ್ಞಾನಿ 5 ಪೌಂಡಿನ ವಿಲ್ಲೋ ಸಸಿಯನ್ನು 200 ಪೌಂಡು ಒಣ ಮಣ್ಣಿನಲ್ಲಿ ನೆಟ್ಟು, 5 ವರ್ಷ ಬರೀ ನೀರು ಹಾಕಿದ. ಗಿಡ 169 ಪೌಂಡಿಗೆ ಬೆಳೆಯಿತು, ಮಣ್ಣಿನಲ್ಲಿ ಕಡಿಮೆಯಾದದ್ದು ಸುಮಾರು 2 ಔನ್ಸು. 1648ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ ಗಿಡವೆಲ್ಲ ನೀರಿನಿಂದಲೇ ಆದದ್ದು ಎಂದು ಅವನು ತಪ್ಪು ತಿಳಿದ. ಗಾಳಿಯ ಇಂಗಾಲದ ಪಾಲು ಅವನಿಗೆ ಗೊತ್ತಿರಲಿಲ್ಲ. ನಮಗೆ ಬೇಕಾದ ಲೆಕ್ಕ ಇಷ್ಟೆ: ಗಿಡ ಮಣ್ಣಿನಿಂದ ಪಡೆಯುವ ಸತ್ವ ಅತ್ಯಲ್ಪ, ಆದರೆ ಆ ಅತ್ಯಲ್ಪವಿಲ್ಲದೆ ನಡೆಯದು. 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನ) ಗೊಬ್ಬರವಾದರೆ ಸಸಿಗೆ ಲೀಟರ್ ನೀರಿಗೆ 1–2 ಗ್ರಾಂ ಸಾಕು. ಒಂದು ಹಿಡಿ ಸುರಿದರೆ ಮಣ್ಣಿನ ಲವಣ ಬೇರಿನಿಂದಲೇ ನೀರೆಳೆಯುತ್ತದೆ, ಎಲೆಯಂಚು ಕಂದಿ ಒಣಗುತ್ತದೆ. ಆಗ ಮದ್ದು ಬರೀ ನೀರು: ತಳದಿಂದ ಹರಿದುಹೋಗುವಷ್ಟು ಹಾಕಿ ಲವಣ ತೊಳೆಯಿರಿ.

6. ಕಡು ಹಸಿರು ಕಂಡು ಹಿಗ್ಗಬೇಡಿ
ಯೂರಿಯಾದಲ್ಲಿ ಶೇ. 46 ಸಾರಜನಕ. ಅತಿಯಾದರೆ ಸಸಿ ಸರಸರನೆ ಉದ್ದವಾಗುತ್ತದೆ, ಕಾಂಡ ಮೆತ್ತಗಾಗುತ್ತದೆ, ಗಿಡಹೇನಿನ ಕಾಟ ಹೆಚ್ಚುತ್ತದೆ. ಒಳ್ಳೆಯ ಸಸಿಯನ್ನು ಎತ್ತರದಿಂದಲ್ಲ, ಕಾಂಡದ ದಪ್ಪ ಮತ್ತು ಬೇರಿನಿಂದ ಗುರುತಿಸಿ.

7. ನಾಟಿಗೆ ಮುಂಚೆ ಗಟ್ಟಿ ಮಾಡಿ
ನೆಡುವ ಒಂದು ವಾರ ಮುಂಚಿನಿಂದ ನೀರು ಕಡಿಮೆ ಮಾಡಿ, ಸಸಿಯನ್ನು ನೆರಳಿನಿಂದ ಬಿಸಿಲಿಗೆ ಸರಿಸುತ್ತ ಬನ್ನಿ. ಹುಣಸೆಗೆ ತಾಯಿಬೇರು ಆಳಕ್ಕಿಳಿಯುವ ಸ್ವಭಾವ. ಉದ್ದದ ಚೀಲ ಬಳಸಿ, ಬೇರು ತಳದಲ್ಲಿ ಸುತ್ತಿಕೊಳ್ಳುವ ಮೊದಲೇ ನೆಡಿ. ಮುಂಗಾರಿನಲ್ಲಿ ನೆಟ್ಟು, ಪಾತಿ ಮಾಡಿ, ರಾಗಿ ಹುಲ್ಲು ಮುಚ್ಚಿದರೆ ತೇವ ಉಳಿಯುತ್ತದೆ.

8. ನಾಲ್ಕು ಕುಂಡ ಇಟ್ಟು ನೋಡಿ
ಶಾಲೆಯ ಮಕ್ಕಳಿಗಂತೂ ಒಳ್ಳೆಯ ಪ್ರಯೋಗ. ಒಂದೇ ದಿನ ಬಿತ್ತಿದ ಹುರುಳಿ ಸಸಿ, ಒಂದೇ ಮಣ್ಣು, ಒಂದೇ ಬಿಸಿಲು. ಮೊದಲ ಕುಂಡಕ್ಕೆ ಹದವಾದ ನೀರು ಮಾತ್ರ, ಎರಡನೆಯದಕ್ಕೆ ಹದವಾದ ನೀರು ಮತ್ತು ಮಿತ ಗೊಬ್ಬರ, ಮೂರನೆಯದಕ್ಕೆ ಅಷ್ಟೇ ನೀರು ಮತ್ತು ಅತಿ ಗೊಬ್ಬರ, ನಾಲ್ಕನೆಯದಕ್ಕೆ ಗೊಬ್ಬರವಿಲ್ಲದೆ ಅತಿ ನೀರು. ವಾರಕ್ಕೊಮ್ಮೆ ಎತ್ತರ ಅಳೆದು, ಎಲೆ ಎಣಿಸಿ ಬರೆದಿಡಿ. ಕೊನೆಗೆ ಸಸಿ ಕಿತ್ತು ಬೇರು ತೊಳೆದು ನೋಡಿ, ವ್ಯತ್ಯಾಸ ಅಲ್ಲಿ ಎದ್ದು ಕಾಣುತ್ತದೆ.

ಕೊಕ್ಕರೆ ಬೆಳ್ಳೂರು 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾಯಿತು. ಹಕ್ಕಿಗಳು ನೆಚ್ಚಿಕೊಂಡಿರುವುದು ಊರಿನ ದೊಡ್ಡ ಮರಗಳನ್ನು. ಆ ಮರಗಳಿಗೆ ವಾರಸುದಾರರು ಬೇಕಾದರೆ ಸಸಿಗಳು ಇವತ್ತೇ ನೆಲ ಹಿಡಿಯಬೇಕು. ಈ ಮುಂಗಾರಿನಲ್ಲಿ ನಿಮ್ಮೂರಿನಲ್ಲೂ ಒಂದು ಹುಣಸೆಯನ್ನೋ ಅರಳಿಯನ್ನೋ ನೆಡಿ. ನೆಟ್ಟ ಮೇಲೆ ಎರಡು ಬೇಸಿಗೆ ತಪ್ಪದೆ ನೀರು ಹಾಕಿ. ನೆಡುವುದು ಒಂದು ದಿನದ ಕೆಲಸ, ಉಳಿಸುವುದು ಈ ಎರಡು ಬೇಸಿಗೆಯ ಕೆಲಸ.