ಗದ್ವಾಲದ ಸೀರೆ, ನಡಿಗಡ್ಡದ ಬೀಜ: ಸಣ್ಣ ಉದ್ಯೋಗಕ್ಕೆ ತೆರವು ಹುಡುಕುವ ಬಗೆ



ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಕೂಡಿತೆಂದರೆ ನಮ್ಮವರಲ್ಲಿ ಅನೇಕರಿಗೆ ಮೊದಲು ಹೊಳೆಯುವುದು ಕಿರಾಣಿ ಅಂಗಡಿ. ಊರಲ್ಲಿ ಆಗಲೇ ನಾಲ್ಕಿದ್ದರೂ ಐದನೆಯದು ಏಳುವುದು. ಗಿರಾಕಿಗಳು ಅಷ್ಟೇ ಮಂದಿ. ಉದ್ದರಿ ಮಾತ್ರ ಹೊಸ ಅಂಗಡಿಯಲ್ಲಿಯೂ ಬೆಳೆಯುವುದು. ವರ್ಷದೊಳಗೆ ಭಾಂಡವಲು ಕರಗಿ ತಕ್ಕಡಿ ಅಟ್ಟ ಸೇರುವುದು. ದರದಲ್ಲಿ ದೊಡ್ಡವನೊಡನೆ ಜಗ್ಗಾಡುವ ಶಕ್ತಿ ಸಣ್ಣವನಿಗಿಲ್ಲ. ದೊಡ್ಡವನು ಬಿಟ್ಟ ತೆರವು ಯಾವುದು, ಅಲ್ಲಿ ನಿಲ್ಲಲು ನನ್ನಲ್ಲಿ ಏನಿದೆ ಎಂಬುದನ್ನೇ ಅವನು ನೋಡತಕ್ಕದ್ದು.

ದೂರದ ದೃಷ್ಟಾಂತ ಬೇಡ. 1956ರವರೆಗೆ ರಾಯಚೂರು ಜಿಲ್ಲೆಯ ತಾಲ್ಲೂಕಾಗಿದ್ದ ಗದ್ವಾಲದ ಸೀರೆಯನ್ನೇ ನೋಡಿರಿ. ಒಡಲು ಹತ್ತಿ, ಅಂಚು ಸೆರಗು ರೇಷ್ಮೆ. ನಮ್ಮ ಬಿಸಿಲಿಗೆ ಮೈಗೆ ಹತ್ತಿ ಹಿತ. ಮದುವೆ ಮುಂಜಿಗೆ ರೇಷ್ಮೆಯ ಮರ್ಯಾದೆಯೂ ಬೇಕು. ಈ ಎರಡರ ನಡುವೆ ನಿಂತ ಹೆಣ್ಣುಮಗಳೇ ಅದರ ಗಿರಾಕಿ. ಒಡಲಿಗೊಂದು, ಎರಡು ಅಂಚಿಗೆ ಎರಡು, ಹೀಗೆ ಮೂರು ಲಾಳಿ ಆಡಿಸಿ, ಹೊಕ್ಕಿನ ಎಳೆಗಳು ಕೂಡುವಲ್ಲಿ ಒಂದಕ್ಕೊಂದು ಕೊಂಡಿ ಹಾಕುತ್ತ ನೇಯಬೇಕು. ವಿದ್ಯುತ್ ಮಗ್ಗವು ಓಟದಲ್ಲಿ ಗೆದ್ದರೂ ಈ ಕೊಂಡಿಯಲ್ಲಿ ತಡವರಿಸುವುದು.

ನಾರಾಯಣಪೇಟೆಯ ಚೌಕಳಿ ಸೀರೆಯ ಪಾಠ ಬೇರೆ. ಅದನ್ನು ಹೆಸರು ಹಿಡಿದು ಕೇಳುವವರು ಮಹಾರಾಷ್ಟ್ರದ ಹೆಂಗಸರು. ಗಿರಾಕಿ ನಮ್ಮೂರಲ್ಲೇ ಇರಬೇಕೆಂಬ ನಿಯಮವಿಲ್ಲ. ಎರಡೂ ಸೀರೆಗಳಿಗೆ ಭೌಗೋಳಿಕ ಗುರುತು ದೊರೆತಿದೆ. ಆದರೆ ನೂಲು ಸಾಹುಕಾರನದು, ಮಾರಾಟವೂ ಅವನದೇ ಆದಲ್ಲಿ ಗುರುತಿನ ಲಾಭ ಮಗ್ಗದ ಗುಂಡಿಗೆ ಇಳಿಯುವುದಿಲ್ಲ. ಇದನ್ನು ಮುಚ್ಚಿಟ್ಟು ಹೊಗಳುವುದು ನನ್ನಿಂದಾಗದು.

ಇನ್ನು ಬೀಜದ ಮಾತು. ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ಸಿದ್ಧಪಡಿಸಿದ ‘ವರಲಕ್ಷ್ಮಿ’ ಮಿಶ್ರತಳಿ ಹತ್ತಿ 1972ರಲ್ಲಿ ಹೊರಬಂದಿತು. ಇಂಥ ಬೀಜವನ್ನು ಯಂತ್ರದಿಂದ ಮಾಡಲಾಗದು. ಸಂಜೆ ಹೆಣ್ಣು ಸಾಲಿನ ಮೊಗ್ಗಿನ ಕೇಸರ ಕೀಳಬೇಕು, ಮರುದಿನ ಬೆಳಿಗ್ಗೆ ಗಂಡು ಹೂವಿನ ಪರಾಗ ಸವರಬೇಕು. ಹೂವಿನಿಂದ ಹೂವಿಗೆ, ವಾರಗಟ್ಟಲೆ. ನೂರು ಎಕರೆಯವನಿಗೆ ಇದು ತಲೆನೋವು, ಅರ್ಧ ಎಕರೆಯವನಿಗೆ ಅನ್ನ. ಕೃಷ್ಣೆ-ತುಂಗಭದ್ರೆಗಳ ನಡುವಿನ ನಡಿಗಡ್ಡ ಸೀಮೆ ಹತ್ತಿಬೀಜಕ್ಕೆ ಹೆಸರಾದುದು ಹೀಗೆ. ಆದರೆ ಕೊಳ್ಳುವವನು ಒಬ್ಬನೇ. ಬೀಜ ಪರೀಕ್ಷೆಯಲ್ಲಿ ಸೋತಿತೆಂದು ಅವನೆಂದರೆ ವರ್ಷದ ದುಡಿಮೆ ನೀರುಪಾಲು. ಆದ್ದರಿಂದ ಕರಾರು, ದರ, ಹಣದ ತಾರೀಖು ಇವನ್ನು ಬಿತ್ತುವ ಮುಂಚೆಯೇ ಬರೆಸಿಕೊಳ್ಳಿರಿ. ಹೂ ಕೀಳಲು ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಿದ ಮನೆಗಳು ಈ ಸೀಮೆಯಲ್ಲಿ ಕಡಿಮೆಯಲ್ಲ. ಅದನ್ನು ಲಾಭದ ಲೆಕ್ಕಕ್ಕೆ ಹಿಡಿಯಬಾರದು.

ಮಖ್ತಲದ ಕಡೆಯ ತೊಗರಿ ರೈತನು ಏನು ಮಾಡಬಹುದು? ದೊಡ್ಡ ಗಿರಣಿಗಳ ಹೊಳಪಿನ ಬೇಳೆ ಎಲ್ಲ ಕಡೆ ಇದೆ. ಹೊಳಪು ಕೊಡದ, ಬೀಸುಕಲ್ಲಿನಲ್ಲಿ ಒಡೆದ ಬೇಳೆಯನ್ನು ಹುಡುಕುವವರು ಪಟ್ಟಣಗಳಲ್ಲಿದ್ದಾರೆ. ಮೊದಲು ಒಂದೇ ಕ್ವಿಂಟಲ್ ಒಡೆಯಿರಿ. ಗಿರಣಿಯಲ್ಲಿ ಸುಮಾರು 70 ಕಿಲೋ ಬೇಳೆ ಬರುವುದು, ಮನೆಯಲ್ಲಿ ಅದಕ್ಕಿಂತ ಕಡಿಮೆ. ಉಳಿದ ನುಚ್ಚು ಹೊಟ್ಟು ದನಕ್ಕೆ. ಮನೆಮಂದಿಯ ಕೂಲಿಯನ್ನೂ ಖರ್ಚಿಗೆ ಬರೆಯಿರಿ. ನಮ್ಮವರು ಮರೆಯುವುದು ಇದನ್ನೇ. 2023ರ ಅಕ್ಟೋಬರಿನಲ್ಲಿ ಜಕ್ಲೇರ್-ಕೃಷ್ಣಾ ರೈಲು ಹಾದಿ ತೆರೆದ ಮೇಲೆ ಮಖ್ತಲದವರಿಗೆ ಒಂದು ಕಡೆ ರಾಯಚೂರು, ಇನ್ನೊಂದು ಕಡೆ ಕಾಚಿಗುಡ ಎರಡೂ ಸಮೀಪವಾಗಿವೆ. ಅಲ್ಲಿ ತೆಲುಗು, ಇಲ್ಲಿ ಕನ್ನಡ, ಎರಡರಲ್ಲೂ ವ್ಯಾಪಾರ ಮಾಡುವ ನಾಲಿಗೆ ನಮಗಿದೆ, ಇದೂ ಭಾಂಡವಲೇ.

ಮೊದಲ ಸಂತೆಯಲ್ಲಿ ನಂಟರು, ಪರಿಚಯದವರು ದಾಕ್ಷಿಣ್ಯಕ್ಕೆ ಕೊಳ್ಳುವರು. ಅದನ್ನು ಎಣಿಸಬೇಡಿರಿ. ಮೂರನೆಯ ಸಂತೆಯಲ್ಲಿ ತಾವಾಗಿ ಬಂದು ಮತ್ತೆ ಕೇಳಿದವರನ್ನು ಎಣಿಸಿರಿ. ಅಂಥವರು ಹತ್ತಾರು ಮಂದಿ ಸಿಕ್ಕರೆ ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿ, ಎರಡನೆಯ ಕ್ವಿಂಟಲಿಗೆ ಕೈಹಾಕಿರಿ. ಸಿಗದಿದ್ದರೆ ಉಳಿದ ಬೇಳೆ ಮನೆಯ ಸಾರಿಗಾಯಿತು.