ಬಿಪಿ ಮಾತ್ರೆ ‘ಸ್ಟಾಕ್ ಇಲ್ಲ’ ಎಂದರೆ ನೀವೇನು ಮಾಡಬಹುದು?

ಬಿಪಿ ಮಾತ್ರೆಯನ್ನು ಬಹುತೇಕರು ಜೀವನಪೂರ್ತಿ ದಿನವೂ ನುಂಗಬೇಕು. ಒಂದು ದಿನದ ಕೂಲಿ ಬಿಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದವರಿಗೆ ‘ಸ್ಟಾಕ್ ಇಲ್ಲ, ಹೊರಗಡೆ ತಗೊಳ್ಳಿ’ ಎಂದರೆ, ಅನೇಕರು ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. ಬಾಯಿಮಾತಿನ ಈ ಉತ್ತರವನ್ನು ಕಾಗದಕ್ಕಿಳಿಸುವುದೇ ಪರಿಹಾರದ ಮೊದಲ ಹೆಜ್ಜೆ.

ಹಕ್ಕಿನ ಬುಡ ಎಲ್ಲಿದೆ?

ಆರೋಗ್ಯವು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಹಣವಿಲ್ಲವೆಂದು ಹೇಳಿ ಸರ್ಕಾರ ವೈದ್ಯಕೀಯ ಸೇವೆಯ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ ಎಂದು 1996ರ ಪಶ್ಚಿಮ ಬಂಗ ಖೇತ್ ಮಜ್ದೂರ್ ಸಮಿತಿ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 30 ವರ್ಷ ದಾಟಿದವರ ಬಿಪಿ ತಪಾಸಣೆ ಅಸಾಂಕ್ರಾಮಿಕ ರೋಗ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದಲ್ಲೇ ಇದೆ. ತಪಾಸಣೆ ಎಲ್ಲಿ, ಯಾವಾಗ ಎಂದು ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

ಹೀಗೆ ಮಾಡಿ

1. ಚೀಟಿಯಲ್ಲಿ ಬಿಪಿ ಅಂಕಿ, ದಿನಾಂಕ, ಮಾತ್ರೆಯ ಹೆಸರು ಬರೆಸಿ. ಮಾತ್ರೆ ಸಿಗದಿದ್ದರೆ ಅದನ್ನೂ ಬರೆದುಕೊಡಲು ಕೇಳಿ.

2. ವೈದ್ಯಾಧಿಕಾರಿಗೆ ಲಿಖಿತ ದೂರು ಕೊಡಿ, ಒಂದು ಪ್ರತಿ ತಾಲ್ಲೂಕು ಆರೋಗ್ಯಾಧಿಕಾರಿಗೆ. ನಿಮ್ಮ ಪ್ರತಿಗೆ ಮೊಹರು, ಸಹಿ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

3. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಕಾಯ್ದೆ, 2005ರಡಿ ಅರ್ಜಿ ಹಾಕಿ. ‘ಮಾತ್ರೆ ಏಕಿಲ್ಲ?’ ಎಂದು ಕೇಳಿದರೆ ಹಾರಿಕೆಯ ಉತ್ತರ ಬರಬಹುದು. ‘ಕಳೆದ ಆರು ತಿಂಗಳ ಬಿಪಿ ಮಾತ್ರೆಗಳ ದಾಸ್ತಾನು ವಹಿ ಮತ್ತು ಬೇಡಿಕೆ ಪತ್ರಗಳ ನಕಲು ಕೊಡಿ’ ಎಂದು ಕೇಳಿ. ಬೇಡಿಕೆಯನ್ನೇ ಕಳಿಸಿಲ್ಲವೋ, ಕಳಿಸಿದರೂ ಸರಬರಾಜಾಗಿಲ್ಲವೋ ಎಂಬುದು ಆಗ ಹೊರಬೀಳುತ್ತದೆ. ಅರ್ಜಿ ಶುಲ್ಕ 10 ರೂಪಾಯಿ. ಬಿಪಿಎಲ್ ಕುಟುಂಬದವರು ದಾಖಲೆ ಲಗತ್ತಿಸಿದರೆ ಶುಲ್ಕವಿಲ್ಲ.

4. 30 ದಿನಗಳಲ್ಲಿ ಮಾಹಿತಿ ಸಿಗಬೇಕು. ಸಿಗದಿದ್ದರೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ. ಅಲ್ಲಿಯೂ ನ್ಯಾಯ ಸಿಗದಿದ್ದರೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ.

ಗ್ರಾಹಕರ ಆಯೋಗಕ್ಕೆ ಹೋಗಬಹುದೇ?

ಎಲ್ಲರಿಗೂ ಉಚಿತವಾಗಿ ಸೇವೆ ನೀಡುವ ಆಸ್ಪತ್ರೆಗಳು ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲ ಎಂದು 1995ರಲ್ಲೇ ತೀರ್ಪಾಗಿದೆ. ಆ ಅಲೆದಾಟ ಬೇಡ.

ಅರ್ಜಿ ಬರೆಯಲು ಬಾರದಿದ್ದರೆ?

ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು ಮತ್ತು ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ.

ಅರ್ಜಿ ಇತ್ಯರ್ಥವಾಗುವವರೆಗೆ ಮಾತ್ರೆ ಮಾತ್ರ ನಿಲ್ಲಿಸಬೇಡಿ. ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಕೊಂಡು, ರಸೀದಿಯನ್ನು ದೂರಿನ ಕಡತಕ್ಕೆ ಸೇರಿಸಿ.