ಅಂಟಿಗಿಂತ ದಾರ ಗಟ್ಟಿ: ಮನೆಯಲ್ಲೇ ಪುಸ್ತಕ ಕಟ್ಟುವ ಬಗೆ

ಜೂನ್ ನಡುವಿನಲ್ಲಿ ಶಾಲೆ ತೆರೆದಾಗ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳ ಕನ್ನಡ ಮಾಧ್ಯಮದ ಮಕ್ಕಳ ಕೈಗೆ ಬಾಲಭಾರತಿಯ ಪಠ್ಯಪುಸ್ತಕ ಬರುತ್ತದೆ. ಪುಣೆಯ ಈ ಸಂಸ್ಥೆ ಮರಾಠಿ, ಉರ್ದುವಿನ ಜೊತೆ ಕನ್ನಡದಲ್ಲೂ ಪಠ್ಯ ತರುತ್ತದೆ. ದೀಪಾವಳಿ ದಾಟುವಷ್ಟರಲ್ಲಿ ಎಷ್ಟೋ ಪುಸ್ತಕಗಳ ಬೆನ್ನು ಕಿತ್ತಿರುತ್ತದೆ. ಕನ್ನಡ ಪುಸ್ತಕ ಹರಿದರೆ ಇನ್ನೊಂದು ಪ್ರತಿ ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಗಡಿಯ ಪ್ರತಿ ಕನ್ನಡ ಮನೆಯಲ್ಲೂ ಒಬ್ಬರಾದರೂ ಬೈಂಡಿಂಗ್ ಕಲಿತಿರಲಿ ಎಂದು ನಾನು ಒತ್ತಿ ಹೇಳುವುದು ಅದಕ್ಕೇ.

ಲಕ್ಷ್ಮೀಪೂಜೆಗೆ ಇಡುವ ಕೆಂಪು ಬಟ್ಟೆಯ ವಹಿಯನ್ನು ಒಮ್ಮೆ ಬಿಚ್ಚಿ ನೋಡಿ. ವ್ಯಾಪಾರಿ ವರ್ಷವಿಡೀ ತಿರುವಿದರೂ ಹಾಳೆ ಉದುರುವುದಿಲ್ಲ, ಏಕೆಂದರೆ ಅದನ್ನು ಹಿಡಿದಿರುವುದು ದಾರ. ಬೈಂಡಿಂಗಿನಲ್ಲಿ ಅಂಟು ಸಹಾಯಕ ಮಾತ್ರ.

ಮೊದಲು ಸುಲಭದ ಕೆಲಸ. ನಡುವೆ ಪಿನ್ನು ಹೊಡೆದ ತೆಳ್ಳನೆಯ ಪುಸ್ತಕ ಆರಿಸಿಕೊಳ್ಳಿ. ತುಕ್ಕು ಹಿಡಿದ ಪಿನ್ನುಗಳನ್ನು ಒಳಬದಿಯಿಂದ ಎತ್ತಿ ತೆಗೆಯಿರಿ. ನಡುಮಡಿಕೆಯ ಮೇಲೆ ಮೂರು ತೂತು ಮಾಡಿ: ಒಂದು ಸರಿಯಾಗಿ ಮಧ್ಯಕ್ಕೆ, ಉಳಿದೆರಡು ಮೇಲೆ ಕೆಳಗೆ. ಒಳಗಿನಿಂದ ನಡುತೂತಿಗೆ ಸೂಜಿ ಹೊರಡಿಸಿ, ಮೇಲಿನ ತೂತಿನಿಂದ ಒಳಗೆ ತನ್ನಿ. ನಡುವಿನದನ್ನು ಬಿಟ್ಟು ಕೆಳಗಿನದರಿಂದ ಹೊರಗೆ ಹಾಕಿ, ಮತ್ತೆ ನಡುತೂತಿನಿಂದ ಒಳಗೆ ಎಳೆಯಿರಿ. ದಾರದ ಎರಡು ತುದಿಗಳು ಒಳಗಿನ ಉದ್ದ ಹೊಲಿಗೆಯ ಆಚೆ ಈಚೆ ಬರಬೇಕು. ಅವನ್ನು ಸೇರಿಸಿ ಗಂಟು ಹಾಕಿ. ಹತ್ತು ನಿಮಿಷದ ಕೆಲಸ, ವರ್ಷಪೂರ್ತಿ ಬಾಳುತ್ತದೆ.

ಇದು ಕೈಗೆ ಹತ್ತಿದ ಮೇಲೆ ರಟ್ಟಿನ ಹೊದಿಕೆಯ ದಪ್ಪ ವಹಿ ಕಟ್ಟಬಹುದು. ಬೇಕಾದುದು 40 ಎ4 ಹಾಳೆ, 2 ಮಿ.ಮೀ. ದಪ್ಪದ ರಟ್ಟು, ದಬ್ಬಣ, ಸೂಜಿ, ಗಟ್ಟಿ ಹತ್ತಿದಾರ, ದಾರಕ್ಕೆ ಸವರಲು ಮೇಣ, 15 ಮಿ.ಮೀ. ಅಗಲದ ಹತ್ತಿಯ ಲಾಡಿ, ಸ್ಟೀಲಿನ ಅಳತೆಪಟ್ಟಿ, ಕಟರ್.

ಹಾಳೆಯ ಎಳೆಯ ದಿಕ್ಕನ್ನು ಹೊಸಬರು ಗಮನಿಸುವುದೇ ಇಲ್ಲ. ಕಾಗದದ ನಾರು ಒಂದು ದಿಕ್ಕಿಗೆ ಮಲಗಿರುತ್ತದೆ. ಹಾಳೆಯನ್ನು ಮೆಲ್ಲಗೆ ಬಾಗಿಸಿ. ಯಾವ ಕಡೆ ಸಲೀಸಾಗಿ ಬಾಗುತ್ತದೋ ಆ ಮಡಿಕೆಯ ಉದ್ದಕ್ಕೆ ಎಳೆ ಇದೆ. ಎಳೆ ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿದ್ದರೆ ಪುಟ ಚೆನ್ನಾಗಿ ಮಲಗುತ್ತದೆ, ರಟ್ಟು ಸೊಟ್ಟಗಾಗುವುದಿಲ್ಲ. ಎ4 ಹಾಳೆಯಲ್ಲಿ ಸಾಮಾನ್ಯವಾಗಿ ಎಳೆ ಉದ್ದಕ್ಕಿರುವುದರಿಂದ ಅದನ್ನು ಅರ್ಧ ಮಡಿಸಿದಾಗ ಅಡ್ಡ ಬೀಳುತ್ತದೆ. ಅಭ್ಯಾಸಕ್ಕೆ ಅಡ್ಡಿಯಿಲ್ಲ. ಬಹುಕಾಲ ಬಾಳಬೇಕಾದ ವಹಿಗೆ ದೊಡ್ಡ ಡೆಮಿ ಹಾಳೆ ತಂದು, ಎಳೆ ನೋಡಿ ಕತ್ತರಿಸಿ. ರಟ್ಟಿಗೂ ಇದೇ ನಿಯಮ.

ಐದೈದು ಹಾಳೆ ಸೇರಿಸಿ ನಡುವೆ ಮಡಿಸಿದರೆ ಎಂಟು ಫಾರ್ಮ್, 160 ಪುಟ. ಒಂದು ರಾತ್ರಿ ಭಾರದ ಕೆಳಗಿಡಿ. ಪ್ರತಿ ಫಾರ್ಮಿನ ಮಡಿಕೆಯಲ್ಲಿ ಮೇಲಿನಿಂದ 15, 60, 75, 135, 150, 195 ಮಿ.ಮೀ. ದೂರಕ್ಕೆ ತೂತು ಮಾಡಿ. 60–75ರ ನಡುವೆ ಒಂದು, 135–150ರ ನಡುವೆ ಇನ್ನೊಂದು ಲಾಡಿ ನಿಲ್ಲುತ್ತದೆ. ಮೊದಲ ತೂತಿನಿಂದ ಒಳಹೋಗಿ, ಒಂದು ಗೇಣು ದಾರ ಹೊರಗೆ ಬಿಟ್ಟು, ಲಾಡಿಯ ಮೇಲೆ ಹಾಯುತ್ತ ಕೊನೆಯ ತೂತಿನಲ್ಲಿ ಹೊರಬನ್ನಿ. ಎರಡನೆಯ ಫಾರ್ಮ್ ಇಟ್ಟು ಅದೇ ದಾರಿಯಲ್ಲಿ ಹಿಂತಿರುಗಿ, ಬಿಟ್ಟ ತುದಿಗೆ ಎರಡು ಗಂಟು ಹಾಕಿ. ಮೂರನೆಯದರಿಂದ ಮುಂದೆ ಪ್ರತಿ ಸಾಲಿನ ಕೊನೆಗೆ ಸೂಜಿಯನ್ನು ಕೆಳಗಿನ ಎರಡು ಫಾರ್ಮ್‌ಗಳ ನಡುವಿನ ದಾರದಡಿ ತೂರಿಸಿ, ಕುಣಿಕೆ ಬಿಗಿದು ಮೇಲೇರಿ. ದಾರವನ್ನು ಬೆನ್ನಿನ ಉದ್ದಕ್ಕೇ ಎಳೆಯಿರಿ. ನಿಮ್ಮ ಕಡೆಗೆ ಜಗ್ಗಿದರೆ ಕಾಗದ ಸೀಳುತ್ತದೆ.

ಅಂಟಿಗೆ ಮೈದಾ ಸಾಕು. ಒಂದು ಪಾಲು ಹಿಟ್ಟಿಗೆ ಐದು ಪಾಲು ನೀರು. ಮೊದಲು ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಹೊಳಪು ಬರುವವರೆಗೆ ಕೈಯಾಡಿಸಿ. ಹುಳ ಬೀಳಬಾರದೆಂದು ಹಳೆಯ ಬೈಂಡರುಗಳು ಇದಕ್ಕೆ ಮೈಲುತುತ್ತ ಸೇರಿಸುತ್ತಿದ್ದರು. ಅದು ವಿಷ, ಮಕ್ಕಳಿರುವ ಮನೆಗೆ ಖಂಡಿತ ಬೇಡ. ಬೇಕಾದಷ್ಟನ್ನೇ ಆಯಾ ದಿನ ಮಾಡಿಕೊಳ್ಳಿ. ಮೈದಾ ಅಂಟಿನ ದೊಡ್ಡ ಗುಣವೆಂದರೆ ನೀರು ತಾಗಿಸಿದರೆ ಬಿಡುತ್ತದೆ, ಮುಂದೆ ರಿಪೇರಿಗೆ ಅನುಕೂಲ. ಫೆವಿಕಾಲನ್ನು ಬೆನ್ನಿಗೆ ಮಾತ್ರ, ತೆಳ್ಳಗೆ ಹಚ್ಚಿ, ಮೇಲೆ ಹಳೆಯ ಧೋತರದ ತುಂಡು ಅಂಟಿಸಿ. ಅದು ಎರಡೂ ಬದಿಗೆ 3 ಸೆಂ.ಮೀ. ಹೊರಚಾಚಿರಲಿ. ಮೊದಲ ಮತ್ತು ಕೊನೆಯ ಪುಟದ ಬೆನ್ನಂಚಿಗೆ ಮಡಿಸಿದ ಒಂದೊಂದು ದಪ್ಪ ಹಾಳೆಯನ್ನೂ ಅಂಟಿಸಿ.

ರಟ್ಟು ಪುಟಕ್ಕಿಂತ 6 ಮಿ.ಮೀ. ಎತ್ತರ, 4 ಮಿ.ಮೀ. ಕಿರಿದು. ಬೆನ್ನಿಗೆ ತೆಳುರಟ್ಟಿನ ಪಟ್ಟಿ: ವಹಿಯ ದಪ್ಪ, ಜೊತೆಗೆ ಎರಡು ರಟ್ಟಿನ ದಪ್ಪ. ಪಟ್ಟಿಗೂ ರಟ್ಟಿಗೂ ನಡುವೆ 7 ಮಿ.ಮೀ. ಸಂದು ಬಿಡಿ, ಮುಚ್ಚಳ ಮಡಚುವುದು ಅಲ್ಲೇ. ಇವನ್ನು ಹೊದಿಕೆಯ ಬಟ್ಟೆಗೆ ಅಂಟಿಸಿ, ಸುತ್ತ 2 ಸೆಂ.ಮೀ. ಬಟ್ಟೆ ಒಳಮಡಿಸಿ. ಸೊಲ್ಲಾಪುರದ ಚಾದರದ ತುಂಡು ಆಸೆ ಹುಟ್ಟಿಸುತ್ತದೆ, ಆದರೆ ಅದರ ದಪ್ಪಕ್ಕೆ ಮೂಲೆ ಮಡಚುವುದಿಲ್ಲ. ಕುಪ್ಪಸದ ಖಣ ಚೆನ್ನ. ಹಿಂದೆ ತೆಳುಕಾಗದ ಅಂಟಿಸಿ ಒಣಗಿಸಿದರೆ ಅಂಟು ಹೊರಗೆ ಒಸರುವುದಿಲ್ಲ. ಕೊನೆಗೆ ಲಾಡಿ, ಧೋತರದ ಅಂಚು, ದಪ್ಪ ಹಾಳೆ ಮೂರನ್ನೂ ರಟ್ಟಿನ ಒಳಮೈಗೆ ಅಂಟಿಸಿ, ಪ್ಲಾಸ್ಟಿಕ್ ಹಾಳೆ ನಡುವಿಟ್ಟು ಮುಚ್ಚಿ, ಭಾರ ಹೇರಿ. ಬೇಸಿಗೆಯಲ್ಲಿ ಫ್ಯಾನಿನ ಕೆಳಗೆ ಬಿಟ್ಟರೆ ರಟ್ಟು ಬಿಲ್ಲಾಗುತ್ತದೆ. ಒಂದು ದಿನ ಭಾರದಡಿಯೇ ಇರಲಿ.

ಹಳೆಯ ಪುಸ್ತಕದ ಮಾತು ಬೇರೆ. 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷೆಯಾಗಿದ್ದ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರ ಸಿದ್ಧರಾಮ ಪುರಾಣದಂಥ ಕೃತಿಯ ಹಳೆಯ ಮುದ್ರಣ ನಿಮ್ಮಲ್ಲಿದ್ದರೆ ಅಂಚು ಕತ್ತರಿಸಬೇಡಿ, ಮುದ್ರಣದ ವರ್ಷವಿರುವ ಪುಟ, ಹಿರಿಯರ ಸಹಿ ಬಿಸಾಡಬೇಡಿ. ಕೈಬರಹದ ಪೋಥಿಗೆ ಹೊಲಿಗೆಯೂ ಬೇಡ, ಸೆಲೊಟೇಪ್ ಅಂತೂ ಮುಟ್ಟಿಸಲೇಬೇಡಿ. ಅದು ಹಳದಿಗಟ್ಟಿ ಅಕ್ಷರಕ್ಕೆ ಕಲೆ ಹತ್ತಿಸುತ್ತದೆ. ಹಾಳೆ ಹಾಳೆಯ ಫೋಟೊ ತೆಗೆದು, ಕ್ರಮ ತಪ್ಪದಂತೆ ಜೋಡಿಸಿ, ಎರಡು ರಟ್ಟಿನ ನಡುವಿಟ್ಟು ಒಗೆದ ಹತ್ತಿಬಟ್ಟೆಯಲ್ಲಿ ಸುತ್ತಿಡಿ.